ಗಿರಣಿ ಕಾಕಾನ ಡಿವಿಡಿಗೆ ದನಿ ಹುಡುಕಿದ್ದು

ಮದುವೆ ವಿಡಿಯೋ ಮಿಕ್ಸಿಂಗ್‌ನಲ್ಲಿ ಮೊದಲು ಮಾಡುವ ಕೆಲಸ ಒಂದೇ. ಕ್ಯಾಮೆರಾದಿಂದ ಬಂದ ಕ್ಲಿಪ್‌ಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಸಾಫ್ಟ್‌ವೇರಿನಲ್ಲಿ ಸಾಲಾಗಿ ಜೋಡಿಸಿ, ಎಲ್ಲವನ್ನೂ ಒಟ್ಟಿಗೆ ಆರಿಸಿ ಸೌಂಡ್ ಬಂದ್ ಮಾಡುವುದು. ಆಮೇಲೆ ಮೇಲೆ ಸಿನಿಮಾ ಹಾಡು ಕೂರಿಸುವುದು. ನನಗೆ ಕಲಿಸಿದವರು ಹೀಗೇ ಕಲಿಸಿದರು. ಕ್ಯಾಮೆರಾದ ಸೌಂಡಿನಲ್ಲಿ ಇರುವುದೇನು? ಡಿಜೆ ಗದ್ದಲ, ಕೂಸು ಅಳುವುದು, ಅಡುಗೆಯವರ ಜಗಳ, ನಮ್ಮ ಕ್ಯಾಮೆರಾದವನೇ "ಈ ಕಡಿ ನೋಡ್ರಿ, ನಗ್ರಿ" ಎಂದು ಒದರುವುದು. ಅದು ಕಸ. ಕಸ ಎಂದೇ ನಾನು ಎಸೆಯುತ್ತಿದ್ದೆ.

ನಮ್ಮ ಅಂಗಡಿ ಶಹಾಪುರದ ಬಸ್‌ಸ್ಟ್ಯಾಂಡ್ ಹಿಂದೆ ಇದೆ. ಮಾಲಕನನ್ನು ಎಲ್ಲರೂ ಭಾಯ್ ಅನ್ನುತ್ತಾರೆ. ಅವನು ಕ್ಯಾಮೆರಾ ಹಿಡಿಯುತ್ತಾನೆ, ನಾನು ಮಿಕ್ಸಿಂಗ್ ಮಾಡುತ್ತೇನೆ. ಈಗ ಹೆಚ್ಚಿನವರು ಪೆನ್‌ಡ್ರೈವ್ ಕೇಳುತ್ತಾರೆ. ಡಿವಿಡಿ ಕೇಳುವವರು ಅಲ್ಲೊಬ್ಬರು ಇಲ್ಲೊಬ್ಬರು. ಅಂಥವರಲ್ಲಿ ಸಗರದ ಗಿರಣಿ ಕಾಕಾ ಒಬ್ಬರು. ಮನೆಗೆ ಹೊಂದಿಕೊಂಡೇ ಅವರ ಹಿಟ್ಟಿನ ಗಿರಣಿ. ಕಣ್ಣು ಕಾಣುವುದಿಲ್ಲ. ನಡುವಯಸ್ಸಿನಲ್ಲಿ ಹೋದವು. ಗಿರಣಿ ಮಾತ್ರ ಬಿಟ್ಟಿಲ್ಲ.

ಅವರ ಮಗಳ ಮದುವೆಗೆ ನಮ್ಮದೇ ವಿಡಿಯೋ. ಡಿವಿಡಿ ಕೊಟ್ಟು ಸ್ವಲ್ಪ ದಿನ ಆಗಿತ್ತು. ನಾನು ಗೋಗಿ ಊರಿನ ಒಂದು ಮದುವೆಗೆ ಹೂವಿನ ಎಸಳು ಉದುರಿಸುವ ಎಫೆಕ್ಟ್ ಹಾಕುತ್ತ ಕೂತಿದ್ದೆ. ಕಾಕಾ, ಹೆಂಡತಿಯ ತೋಳು ಹಿಡಿದು, ಅಂಗಡಿ ಮೆಟ್ಟಿಲು ಹತ್ತಿ ಬಂದರು.

"ಯಾರ್ ಅದೀರಿ ಒಳಗ?"

"ನಾ ಅದೀನ್ರಿ ಕಾಕಾ, ಮಿಕ್ಸಿಂಗ್ ಮಾಡಾವ."

"ನೀನೇ ಬೇಕಾಗಿತ್ತು ನೋಡು. ಈ ಡಿವಿಡ್ಯಾಗ ನಮ್ಮ ಮಗಳ ಮದುವಿ ಇಲ್ಲ."

ಡಿಸ್ಕ್ ಅದಲುಬದಲಾಯಿತೇನೋ ಎಂದುಕೊಂಡೆ. ಕಂಪ್ಯೂಟರಿಗೆ ಹಾಕಿ ನೋಡಿದೆ. ಅವರ ಮಗಳೇ. ಅಳಿಯನೇ.

"ಅದ ಅಲ್ರಿ ಕಾಕಾ. ನಿಮ್ಮ ಮಗಳು ಅದಾಳ, ಅಳಿಯಾನೂ ಅದಾನ. ಎಲ್ಲಾ ಛಲೋ ಬಂದದ."

"ನಿನಗ ಕಾಣ್ತಾಳಪ. ನನಗ ಬರೀ ಹಾಡು ಕೇಳಸ್ತದ. ಆ ಹಾಡು ನಮ್ಮೂರ ಟಂಟಮ್ ಆಟೋದಾಗ ದಿನಾ ಹಚ್ತಾರ. ಅದನ್ನ ಕೇಳಾಕ ಮಗಳ ಮದುವಿ ಮಾಡಬೇಕೇನು?"

ಕಾಕಿ ಸೆರಗು ಬಾಯಿಗೆ ಒತ್ತಿ ನಕ್ಕರು. ಭಾಯ್ ನಕ್ಕ. ನಾನು ನಗಲಿಲ್ಲ. ಡಿಸ್ಕ್ ಹೊರಗೆ ತೆಗೆದೆ.

ಅವರಿಗೆ ಬೇಕಾದದ್ದು ಭೂಮದ ಸಮಯದ ಮಾತು. ನಮ್ಮ ಕಡೆ ಮದುವೆಯಲ್ಲಿ ಮದುಮಗ, ಮದುಮಗಳು ಒಂದೇ ದೊಡ್ಡ ತಾಟಿನಲ್ಲಿ ಉಣ್ಣುತ್ತಾರೆ. ಅದು ಭೂಮ. ಸುತ್ತ ಹೆಂಗಸರು ಮುತ್ತಿಕೊಂಡು ಗಂಡನ ಹೆಸರು ಹೇಳು ಎಂದು ಕಾಡುತ್ತಾರೆ. ಹೆಸರನ್ನು ಸುಮ್ಮನೆ ಹೇಳುವಂತಿಲ್ಲ. ಒಡಪು ಕಟ್ಟಿ, ಪ್ರಾಸ ಕೂಡಿಸಿ, ಅದರೊಳಗೆ ಹೆಸರು ಇಟ್ಟು ಹೇಳಬೇಕು. ಆ ಹೊತ್ತಿಗೆ ಕಾಕಾ ಹೊರಗೆ ಪೆಂಡಾಲಿನಲ್ಲಿ ಬಂದವರಿಗೆ ಕೈ ಮುಗಿಯುತ್ತ ಕೂತಿದ್ದರು. ಕಾಕಿ ಹೋಳಿಗೆ ಬಡಿಸುತ್ತಿದ್ದರು.

"ಎಲ್ಲಾರೂ ಅಂತಾರ, ನಿನ್ನ ಮಗಳು ಭಾಳ ಛಲೋ ಒಡಪ ಹೇಳಿದ್ಳು, ನಿನ್ನ ಮ್ಯಾಲೇ ಹೇಳಿದ್ಳು ಅಂತ," ಅಂದರು ಕಾಕಾ. "ಏನಂದ್ಳು ಅಂತ ಕೇಳಿದ್ರ ಒಬ್ಬರಿಗೂ ನೆಪ್ಪಿಲ್ಲ. ಏನೋ ಹಿಟ್ಟು ಅಂದ್ಳು ಅಂತಾಳ ಒಬ್ಬಾಕಿ. ಅತ್ತೀವಿ ಅಂತಾಳ ಇನ್ನೊಬ್ಬಾಕಿ. ನೀವು ಅತ್ತಿದ್ದು ನಾ ಏನ್ ಮಾಡ್ಲಿ?"

"ಮಗಳಿಗೇ ಕೇಳ್ರಿ," ಅಂದ ಭಾಯ್.

"ಅಪ್ಪನ ಮುಂದ ಗಂಡನ ಹೆಸರ ಹೇಳ್ತಾಳೇನೋ ಹುಚ್ಚಾ?"

ಭಾಯ್ ಪೆನ್‌ಡ್ರೈವ್ ಕೊಡುತ್ತೇನೆ ಅಂದ. ಕಾಕಾ ಬೇಡ ಅಂದರು. ಪೆನ್‌ಡ್ರೈವ್ ಹಾಕಿದರೆ ಟಿವಿಯ ಮೇಲೆ ಬರುವುದನ್ನು ಓದಿ ಆರಿಸಬೇಕು. ಫೋನು ಬರೀ ಗಾಜು, ಕೈಗೆ ಏನೂ ಸಿಗುವುದಿಲ್ಲ. ಡಿವಿಡಿ ಪ್ಲೇಯರಿನ ರಿಮೋಟು ಮಾತ್ರ ಅವರ ಬೆರಳಿಗೆ ಗೊತ್ತು.

ಮರುದಿನ ಸಗರಕ್ಕೆ ಹೋದೆ. ಅವರು ಹೇಗೆ ಹಚ್ಚುತ್ತಾರೆ ನೋಡಬೇಕಿತ್ತು. ಕಾಕಾ ಡಿಸ್ಕ್ ಹಾಕಿದರು, ಪ್ಲೇ ಒತ್ತಿದರು. ಟಿವಿಯಲ್ಲಿ ನಾನು ಮಾಡಿದ ಮೆನು ಬಂತು. ಹೃದಯದ ಆಕಾರದ ಚೌಕಟ್ಟುಗಳು, ಒಂದೊಂದರಲ್ಲಿ ಅರಿಷಿಣ, ಅಕ್ಷತೆಯ ಅಕ್ಕಿಕಾಳು, ಭೂಮ ಎಂದು ಓಡಾಡುವ ಚಿತ್ರ, ಹಿಂದೆ ಸಂಗೀತ. ಇಡೀ ಡಿವಿಡಿಯಲ್ಲಿ ನಾನು ಹೆಚ್ಚು ಕಷ್ಟಪಟ್ಟದ್ದು ಅದಕ್ಕೇ. ಬೇಕಾದ ಚೌಕಟ್ಟಿಗೆ ಬಾಣದ ಗುಂಡಿ ಒತ್ತಿ ಹೋಗಿ, ಬಣ್ಣ ಬದಲಾದದ್ದು ನೋಡಿ, ಓಕೆ ಒತ್ತಬೇಕು. ಕಾಕಾ ಮುಂದಿನ ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಅದೇ ಸಂಗೀತ ಮುಗಿದು ಮತ್ತೆ ಶುರುವಾಯಿತು, ಮತ್ತೆ ಮುಗಿಯಿತು. ಕಾಕಿ ಬಂದು ಒತ್ತಿದರೇ ಮುಂದೆ ಹೋಗುತ್ತಿತ್ತಂತೆ.

"ಬಾಗಿಲದಾಗ ನಿಂತು ಬಾಜಾ ಬಾರಸ್ತದ," ಅಂದರು ಕಾಕಾ. "ಒಳಗ ಬಾ ಅನ್ನಂಗಿಲ್ಲ."

ಮೆನು ತೆಗೆದರಾಯಿತು, ಹಾಡು ತೆಗೆದು ಕ್ಯಾಮೆರಾದ ಸೌಂಡು ಹಾಕಿದರಾಯಿತು, ಎರಡು ದಿನದ ಕೆಲಸ ಎಂದುಕೊಂಡೆ. "ಮಾಡಿ ಕೊಡ್ತೀನ್ರಿ ಕಾಕಾ" ಎಂದು ಮಾತು ಕೊಟ್ಟೆ. ಕ್ಲಿಪ್ ಇವೆಯೋ ಇಲ್ಲವೋ ನೋಡದೇ ಕೊಟ್ಟೆ.

ಅಂಗಡಿಗೆ ಬಂದು ಹಾರ್ಡ್‌ಡಿಸ್ಕ್ ತೆರೆದೆ. ಅರಿಷಿಣದ ಕ್ಲಿಪ್ ಇದ್ದವು. ಅಕ್ಕಿಕಾಳು ಇತ್ತು. ಅದರ ಮುಂದೆ ಏನೂ ಇಲ್ಲ. ಸಾಫ್ಟ್‌ವೇರಿನಲ್ಲಿ ಭೂಮದ ಜಾಗದಲ್ಲಿ ಕೆಂಪು ಪಟ್ಟಿ, ಫೈಲ್ ಸಿಗುತ್ತಿಲ್ಲ ಎಂದು. ಕ್ಯಾಮೆರಾದ ಎರಡನೇ ಮೆಮೊರಿ ಕಾರ್ಡಿನದನ್ನು ನಾನು ಹಾರ್ಡ್‌ಡಿಸ್ಕಿಗೆ ಇಳಿಸದೆ ನೇರ ಕಾರ್ಡಿನಿಂದಲೇ ಮಿಕ್ಸ್ ಮಾಡಿದ್ದೆ. ಅವಸರದಲ್ಲಿ ಹಾಗೆ ಮಾಡುತ್ತಿದ್ದೆವು. ಗಿರಾಕಿ ಡಿವಿಡಿ ಒಯ್ದ ಮೇಲೆ ಕಾರ್ಡ್ ಖಾಲಿ ಮಾಡಿ ಮುಂದಿನ ಮದುವೆಗೆ ಒಯ್ಯುವುದು ನಮ್ಮ ರೂಢಿ. ಆ ಕಾರ್ಡಿನಲ್ಲಿ ಈಗ ಗೋಗಿಯ ಮದುವೆ ಇತ್ತು. ಅಳಿಸಿದ್ದನ್ನು ವಾಪಸ್ ತೆಗೆಯುವ ಸಾಫ್ಟ್‌ವೇರ್ ಓಡಿಸಿದೆ. ಕಾರ್ಡ್ ಪೂರ್ತಿ ತುಂಬಿತ್ತು, ಹಳೆಯದರ ಮೇಲೆ ಹೊಸದು ಕೂತಿತ್ತು. ಒಂದು ತುಂಡೂ ಬರಲಿಲ್ಲ.

"ಹೋತು ಅಂತ ಹೇಳಿಬಿಡು," ಅಂದ ಭಾಯ್. "ಅರಿಷಿಣ ಅದ, ಅಕ್ಕಿಕಾಳು ಅದ. ಅಷ್ಟರ ಕೊಡು, ಮುಗೀತು."

"ಅವರು ಕೇಳಿದ್ದು ಭೂಮದ್ದು ಭಾಯ್."

"ಅರೆ, ಇಲ್ಲದ್ದು ಎಲ್ಲಿಂದ ತರ್ತಿ? ಹೊಟ್ಟ್ಯಾಗಿಂದ ತೆಗೀತಿ?"

ಮದುಮಗಳನ್ನು ಕಕ್ಕೇರಾಕ್ಕೆ ಕೊಟ್ಟಿದ್ದರು. ಕಾಕಿಯಿಂದ ನಂಬರ್ ತೆಗೆದುಕೊಂಡು ಫೋನ್ ಮಾಡಿದೆ. ಯಾರಾದರೂ ಮೊಬೈಲಿನಲ್ಲಿ ಹಿಡಿದಿದ್ದರೆ ಕೊಡಿ ಅಂದೆ.

"ನಮ್ಮ ನಾದಿನಿ ಹಿಡದಿದ್ಳ್ರಿ ಅಣ್ಣಾ," ಅಂದಳು ಅವಳು. "ಸ್ಟೇಟಸ್‌ಗೆ ಹಾಕಿದ್ಳು. ಮೊಬೈಲ್ ತುಂಬಿತಂತ ಅಳಿಸ್ಯಾಳ."

"ಹಂಗಾದ್ರ ನೀವೇ ಇನ್ನೊಮ್ಮೆ ಹೇಳಿ ಕಳಸ್ರಿ ಅಕ್ಕಾ. ವಾಯ್ಸ್ ಮೆಸೇಜ್ ಮಾಡ್ರಿ, ನಾ ಕೂಡಸ್ತೀನಿ."

"ಅದು ಆಗಂಗಿಲ್ರಿ," ಅಂದಳು. " ಅವತ್ತ ಬಾಯಿಗೆ ಬಂತು, ಹೇಳಿದೆ. ಈಗ ಅಪ್ಪಗ ಕಳಸಾಕಂತ ಕುಂತು ಗಂಡನ ಹೆಸರ ಹೇಳಂದ್ರ ನನಗ ದನಿನೇ ಹೊಂಡಂಗಿಲ್ಲ."

ಅವಳು ಹೇಳಿದ್ದು ನನಗೆ ತಿಳಿಯಿತು. ಹೇಳಿಸಿದರೂ ಅದು ಭೂಮದ ಒಡಪು ಆಗುತ್ತಿರಲಿಲ್ಲ.

ಇದ್ದದ್ದನ್ನಾದರೂ ಮಾಡೋಣ ಎಂದು ಅರಿಷಿಣದ ಭಾಗ ಹಿಡಿದೆ. ಹಾಡು ತೆಗೆದೆ, ಸೌಂಡ್ ಚಾಲೂ ಮಾಡಿದೆ. ಮೊದಲ ಸಲ ನಾನೇ ಜೋಡಿಸಿದ ಮದುವೆಯನ್ನು ಕೇಳಿದೆ. ಕಾಕಿ ಯಾರಿಗೋ "ಎಣ್ಣಿ ಭಾಳ ಆತ ಸಾಕ್ ಮಾಡ" ಎಂದು ಬೈಯುವುದು, ಮದುಮಗಳು ತಣ್ಣೀರಿಗೆ ಹೌಹಾರಿ ಚೀರುವುದು, ಹಿಂದೆ ಎಲ್ಲೋ ಗಿರಣಿಯ ಪಟ್ಟಾ ತಿರುಗುವ ಸದ್ದು. ಮದುವೆ ದಿನವೂ ಗಿರಣಿ ನಡೆದಿತ್ತು! ನನಗೆ ಅದು ಗೊತ್ತೇ ಇರಲಿಲ್ಲ. ದಿನಗಟ್ಟಲೆ ಆ ಕ್ಲಿಪ್ ನೋಡಿದ್ದವ ನಾನು.

ಅರ್ಧ ಕೆಲಸದಲ್ಲಿ ಕಂಪ್ಯೂಟರ್ ನಿಂತಿತು. ಜಾಗ ಇಲ್ಲ ಎಂದು ತೋರಿಸಿತು. ಸಾಫ್ಟ್‌ವೇರು ತನ್ನ ಕೆಲಸಕ್ಕೆಂದು ಒಂದು ಫೋಲ್ಡರಿನಲ್ಲಿ ಏನೇನೋ ತುಂಬಿಕೊಳ್ಳುತ್ತದೆ. ಅದನ್ನು ಆಗಾಗ ಖಾಲಿ ಮಾಡು ಎಂದು ಭಾಯ್ ಬೈಯುತ್ತಿದ್ದ, ನಾನು ಮಾಡುತ್ತಿರಲಿಲ್ಲ. ಈಗ ಮಾಡೋಣ ಎಂದು ಆ ಫೋಲ್ಡರ್ ತೆರೆದು ಎಲ್ಲ ಆರಿಸಿದೆ. ಡಿಲೀಟ್ ಮೇಲೆ ಬೆರಳಿತ್ತು. ಫೈಲಿನ ಹೆಸರು ಕಣ್ಣಿಗೆ ಬಿತ್ತು. ಕ್ಯಾಮೆರಾ ಕೊಡುವ ಹೆಸರುಗಳು. ಎರಡನೇ ಕಾರ್ಡಿನ ಹೆಸರುಗಳು.

ಬೆರಳು ತೆಗೆದೆ.

ಫೋನಿನಲ್ಲಿ ಹಿಂದಿ ವಿಡಿಯೋಗಳನ್ನು ಹುಡುಕಿ ನೋಡಿದ ಮೇಲೆ ತಿಳಿಯಿತು. ಕ್ಲಿಪ್ ಒಳಗೆ ತೆಗೆದುಕೊಂಡಾಗ ಈ ಸಾಫ್ಟ್‌ವೇರ್ ಅದರ ಸೌಂಡನ್ನು ಬೇರೆ ಮಾಡಿ, ತಡೆಯಿಲ್ಲದೆ ಓಡಲಿ ಎಂದು ಒಂದು ಪ್ರತಿ ಮಾಡಿ ಇಟ್ಟುಕೊಳ್ಳುತ್ತದೆ. ಚಿತ್ರದ ಪ್ರತಿ ಮಾಡುವುದಿಲ್ಲ, ಸೌಂಡಿನದು ಮಾತ್ರ. ನಾನು ಬಂದ್ ಮಾಡಿದ್ದೆ, ಅದು ಎಸೆದಿರಲಿಲ್ಲ.

ಆದರೆ ಆ ಫೈಲನ್ನು ಒತ್ತಿದರೆ ತೆರೆಯುವುದಿಲ್ಲ. ಹಾಡು ಕತ್ತರಿಸುವ ಇನ್ನೊಂದು ಸಾಫ್ಟ್‌ವೇರಿನಲ್ಲಿ ಕಚ್ಚಾ ಫೈಲ್ ತೆರೆಯುವ ದಾರಿ ಇದೆ. ಅದು ಪ್ರಶ್ನೆ ಕೇಳುತ್ತದೆ. ಎಷ್ಟು ಬಿಟ್, ಎಷ್ಟು ಚಾನೆಲ್, ಎಷ್ಟು ರೇಟ್. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವ. ಒಂದೊಂದೇ ಬದಲಿಸಿ ಒತ್ತಿದೆ. ಮೊದಲು ಬರೀ ಚರ್ ಎಂಬ ಸದ್ದು, ಬಾಣಲೆಯಲ್ಲಿ ನೀರು ಬಿದ್ದ ಹಾಗೆ. ಬಿಟ್ ಬದಲಿಸಿದೆ. ಈಗ ಮನುಷ್ಯರ ಸದ್ದು ಬಂತು, ಆದರೆ ಹೆಂಗಸರೆಲ್ಲ ಗಂಡಸರ ಹಾಗೆ ದಪ್ಪ ದನಿಯಲ್ಲಿ ಎಳೆದೆಳೆದು ಮಾತಾಡುತ್ತಿದ್ದರು. ಒಂದು ಚಾನೆಲ್ ಇದ್ದದ್ದನ್ನು ಎರಡು ಮಾಡಿದೆ.

"ಹೇಳ, ಹೇಳ, ಗಂಡನ ಹೆಸರ ಹೇಳಿ ತುತ್ತ ಎತ್ತು," ಎಂದು ಹೆಂಗಸರು ಒಮ್ಮೆಲೇ ಕೂಗಿದ್ದು ಹೆಡ್‌ಫೋನಿನಲ್ಲಿ ಸ್ವಚ್ಛ ಬಂತು. ಆಮೇಲೆ ಮದುಮಗಳ ದನಿ.

ಪೂರ್ತಿ ಕೇಳಿ ಹೆಡ್‌ಫೋನ್ ತೆಗೆದಿಟ್ಟೆ. ಹೊರಗೆ ಹೋಗಿ ಚಹಾ ಕುಡಿದು ಬಂದೆ.

ಇನ್ನು ಚಿತ್ರ. ಚಿತ್ರ ಉಳಿದದ್ದು ನಾನು ಮಾಡಿದ ಹಳೆಯ ಡಿವಿಡಿಯಲ್ಲಿ ಮಾತ್ರ. ಅದರಿಂದ ಭೂಮದ ತುಂಡು ಕತ್ತರಿಸಿ ತಂದು ಸೌಂಡಿನ ಕೆಳಗೆ ಇಟ್ಟೆ. ಹೊಂದಲಿಲ್ಲ. ಹಾಡಿಗೆ ತಕ್ಕ ಹಾಗೆ ನಾನು ಅದನ್ನು ಸ್ಲೋ ಮೋಷನ್ ಮಾಡಿದ್ದೆ. ಅವಳು ಮಾತಾಡುವಾಗ ಚಿತ್ರದಲ್ಲಿ ಬಾಯಿ ಮುಚ್ಚಿರುತ್ತಿತ್ತು, ಮಾತು ಮುಗಿದ ಮೇಲೆ ತೆರೆಯುತ್ತಿತ್ತು. ಮೇಲೆ ಎಸಳು ಬೇರೆ ಉದುರುತ್ತಿದ್ದವು. ವೇಗ ಹೆಚ್ಚು ಮಾಡಿದೆ, ತುಂಡು ತುಂಡು ಮಾಡಿ ಸರಿಸಿದೆ. ಒಂದು ಕಡೆ ಕೂಡಿದರೆ ಇನ್ನೊಂದು ಕಡೆ ಬಿಡುತ್ತಿತ್ತು.

"ಆಲ್ಬಮಿನ ಫೋಟೋ ಹಾಕು," ಅಂದ ಭಾಯ್. ಹಾಕಿದೆ. ಮದುಮಗಳು ಕ್ಯಾಮೆರಾ ನೋಡಿ ನಗುವ ಫೋಟೋ, ಅಳಿಯ ತುತ್ತು ಹಿಡಿದ ಫೋಟೋ. ಓಡಿಸಿ ನೋಡಿದೆ. ಫೋಟೋ ಚೆನ್ನಾಗಿದ್ದವು. ಮುಗಿದ ಮೇಲೆ ನೋಡಿದರೆ ನಾನು ಸೀರೆಯ ಬಣ್ಣ ನೋಡಿದ್ದೆ, ತಾಟಿನಲ್ಲಿ ಏನಿದೆ ನೋಡಿದ್ದೆ. ಒಡಪು ಕೇಳಿಯೇ ಇರಲಿಲ್ಲ. ಇನ್ನೊಮ್ಮೆ ಓಡಿಸಿ ಕಣ್ಣು ಮುಚ್ಚಿ ಕೂತೆ. ಆಗ ಕೇಳಿತು.

ಫೋಟೋ ಎಲ್ಲ ತೆಗೆದೆ. ಆ ಜಾಗದಲ್ಲಿ ಬರೀ ಕಪ್ಪು ಇಟ್ಟೆ.

ಭಾಯ್ ಹಿಂದಿನಿಂದ ಬಂದು ನೋಡಿದ. "ಇದೇನಲೇ? ಕರಿ ಪರದೆ?"

"ಹೌದು."

"ಮನ್ಯಾಗ ಹೆಂಡ್ತಿ ಅದಾಳ, ಬೀಗರು ಬರ್ತಾರ. ಅವರು ಏನ್ ನೋಡಬೇಕು? ಟಿವಿ ಕೆಟ್ಟದಂತ ತಿಳೀತಾರ. ಅಂಗಡಿ ಹೆಸರ ಹೋಗ್ತದ."

"ಅವರು ನೋಡಾಕ ಹಳೇ ಡಿವಿಡಿ ಅದ ಭಾಯ್. ಇದು ಕಾಕಾಂದು."

"ಚಿತ್ರ ಇಲ್ಲದ್ದಕ್ಕ ವಿಡಿಯೋ ಅಂತಾರೇನು?"

"ದನಿ ಇಲ್ಲದ್ದಕ್ಕ ಮದುವಿ ಅಂದೀವಲ್ಲ."

ಭಾಯ್ ಒಂದು ಕ್ಷಣ ನನ್ನನ್ನು ನೋಡಿದ. "ಭಾಳ ಮಾತ ಕಲತಿ," ಎಂದು ತನ್ನ ಕುರ್ಚಿಗೆ ಹೋದ. ಬೇಡ ಅನ್ನಲಿಲ್ಲ.

ಮೆನು ತೆಗೆಯುವುದು ಸುಲಭ ಇತ್ತು. ಡಿಸ್ಕ್ ಹಾಕಿದ ಕೂಡಲೇ ಓಡು ಎಂಬ ಆಯ್ಕೆ ಇದೆ, ಯಾರೂ ಬಳಸುವುದಿಲ್ಲ. ಆದರೆ ಕಾಕಾ ಮುಂದಿನ ಗುಂಡಿ ಒತ್ತಿದಾಗ ಎಲ್ಲಿಗೆ ಬಂದೆ ಎಂದು ಅವರಿಗೆ ಗೊತ್ತಾಗಬೇಕು. ಅದಕ್ಕೆ ಮತ್ತೆ ಕಕ್ಕೇರಾಕ್ಕೆ ಫೋನ್ ಮಾಡಿದೆ. ಒಡಪು ಸಿಕ್ಕಿದೆ ಎಂದು ಮೊದಲು ಹೇಳಿದೆ, ಹಾಕಲೋ ಬೇಡವೋ ಕೇಳಿದೆ.

ಅವಳು ನಕ್ಕಳು. "ಹಾಕ್ರಿ. ಡಿವಿಡಿ ಹೇಳಿದ್ರ ನಾ ಹೇಳಿದಂಗಲ್ಲ."

"ಇನ್ನೊಂದು ಕೆಲಸ ಅದರೀ ಅಕ್ಕಾ. ಒಂದೊಂದು ಶಾಸ್ತ್ರದ ಮೊದಲ, ಇದು ಇಂಥಾದ್ದು ಅಂತ ನಿಮ್ಮ ದನ್ಯಾಗ ಹೇಳಿ ಕಳಸ್ರಿ. ಅದಕ್ಕ ಗಂಡನ ಹೆಸರ ಬೇಕಾಗಂಗಿಲ್ಲ."

ಅವತ್ತೇ ಕಳಿಸಿದಳು. "ಅಪ್ಪಾ, ಈಗ ಅರಿಷಿಣ." "ಅಪ್ಪಾ, ಈಗ ಅಕ್ಕಿಕಾಳು." ಒಂದರಲ್ಲಿ ಹಿಂದೆ ಕುಕ್ಕರ್ ಸೀಟಿ ಹೊಡೆದಿತ್ತು. ಹಾಗೇ ಇರಲಿ ಎಂದು ಬಿಟ್ಟೆ.

ಅವುಗಳನ್ನು ಕೂಡಿಸಿ, ಒಂದೊಂದರ ಮೊದಲಿಗೆ ಗುರುತು ಹಾಕಿದೆ. ಮುಂದಿನ ಗುಂಡಿ ಒತ್ತಿದರೆ ಪ್ಲೇಯರ್ ಆ ಗುರುತಿಗೆ ಹಾರುತ್ತದೆ. ಗುರುತನ್ನು ತಾನೇ ಹಾಕಲೇ ಎಂದು ಸಾಫ್ಟ್‌ವೇರ್ ಕೇಳುತ್ತದೆ. ಬಿಟ್ಟರೆ ಎಲ್ಲೆಂದರಲ್ಲಿ ಹಾಕುತ್ತದೆ. ಕೈಯಿಂದಲೇ ಹಾಕಿದೆ. ಖಾಲಿ ಡಿಸ್ಕ್ ಶಹಾಪುರದಲ್ಲಿ ಸಿಗಲಿಲ್ಲ. ಯಾದಗಿರಿಗೆ ಬಸ್ ಹತ್ತಿದೆ. ಸ್ಟೇಷನ್ ಹತ್ತಿರ ಒಂದು ಮೊಬೈಲ್ ಅಂಗಡಿಯವ ಒಳಗಿಂದ ಧೂಳು ಹಿಡಿದ ಡಬ್ಬಿ ತಂದು, "ಇವನ್ನ ಇನ್ನೂ ಯಾರ ಒಯ್ತಾರಪ?" ಎಂದು ಕೊಟ್ಟ.

ಮೊದಲ ಡಿಸ್ಕ್ ಅವಸರಕ್ಕೆ ಜೋರು ಸ್ಪೀಡಿನಲ್ಲಿ ಬರೆದೆ. ಅಂಗಡಿಯ ಹಳೆ ಪ್ಲೇಯರಿನಲ್ಲಿ ಹಾಕಿದರೆ ಕೊನೆಯ ಕಡೆ ಗರಗರ ಎಂದು ನಿಂತಿತು. ಭೂಮ ಇದ್ದದ್ದೇ ಕೊನೆಗೆ. ಎರಡನೆಯದನ್ನು ಎಲ್ಲಕ್ಕಿಂತ ಕಡಿಮೆ ಸ್ಪೀಡಿನಲ್ಲಿ ಬರೆದೆ. ನಿಲ್ಲಲಿಲ್ಲ. ಆದರೆ ಗುಂಡಿ ಒತ್ತಿ ಹಾರಿದಾಗಲೆಲ್ಲ ಮಗಳ ಮಾತಿನ ಮೊದಲ ತುದಿ ನುಂಗಿಹೋಗುತ್ತಿತ್ತು. "ಈಗ ಅರಿಷಿಣ" ಅಷ್ಟೇ ಕೇಳುತ್ತಿತ್ತು. ಪ್ಲೇಯರ್ ಹಾರಿ ಬಂದು ಸೌಂಡ್ ಬಿಡುವುದಕ್ಕೆ ಚೂರು ತಡ ಮಾಡುತ್ತದೆ. "ಅಪ್ಪಾ" ಎಂಬುದು ಅಲ್ಲಿ ಬೀಳುತ್ತಿತ್ತು. ಭಾಯ್ ಪರವಾಗಿಲ್ಲ ಅಂದ. ನನಗೆ ಆ ಮಾತೇ ಬೇಕಿತ್ತು. ಗುರುತುಗಳನ್ನೆಲ್ಲ ಸ್ವಲ್ಪ ಹಿಂದೆ ಸರಿಸಿ, ನಡುವೆ ಒಂದು ಉಸಿರಿನಷ್ಟು ಖಾಲಿ ಬಿಟ್ಟು, ಮತ್ತೊಂದು ಡಿಸ್ಕ್ ಬರೆದೆ.

ಅದನ್ನು ತೆಗೆದುಕೊಂಡು ಟಂಟಮ್ ಹತ್ತಿ ಸಗರಕ್ಕೆ ಹೋದೆ. ಕಾಕಾ ಗಿರಣಿಯಲ್ಲಿ ಬೀಳುವ ಹಿಟ್ಟಿಗೆ ಬೆರಳು ಒಡ್ಡಿ ನಿಂತಿದ್ದರು. ನನ್ನ ದನಿ ಕೇಳಿ ಮೋಟಾರು ಬಂದ್ ಮಾಡಿದರು. ಪಟ್ಟಾ ಪೂರ್ತಿ ನಿಲ್ಲುವ ತನಕ ಕಾದು ಒಳಗೆ ಬಂದರು. ಕಾಕಿ ಟಿವಿ ಮುಂದೆ ಕೂತರು, ಕನ್ನಡಕ ಒರೆಸಿಕೊಂಡು. ಭೂಮದಲ್ಲಿ ಚಿತ್ರ ಇಲ್ಲ ಎಂದು ನಾನು ಅವರಿಗೆ ಹೇಳಿರಲಿಲ್ಲ.

ಡಿಸ್ಕ್ ಹಾಕಿದ್ದು ಕಾಕಾ. ಬಾಜಾ ಬರಲಿಲ್ಲ.

"ಅಪ್ಪಾ, ಈಗ ಅರಿಷಿಣ."

ಕಾಕಾನ ಕೈ ರಿಮೋಟಿನ ಮೇಲೆ ನಿಂತಿತು. "ಇದು ಯಾವಾಗ ಅಂದಾಳ?"

"ಮೊನ್ನೆ ಅಂದಾಳ್ರಿ. ನಿಮಗ ದಾರಿ ತೋರ್ಸಾಕ."

ಅರಿಷಿಣ ಕೇಳಿದರು. ತಮ್ಮ ಗಿರಣಿಯ ಸದ್ದು ಬಂದಾಗ, "ಪಟ್ಟಾ ಸಡ್ಲಾಗಿತ್ತು ಅವತ್ತ," ಅಂದರು. ಕಾಕಿಯ ಬೈಗುಳ ಬಂದಾಗ ಕಾಕಿಯೇ ನಾಚಿ, "ಇದನ್ಯಾಕ ಇಟ್ಟಿಯೋ ಮಾರಾಯ," ಅಂದರು. ಮುಂದಿನ ಗುಂಡಿ. ಅಕ್ಕಿಕಾಳು. ಮತ್ತೆ ಮುಂದಿನ ಗುಂಡಿ.

"ಅಪ್ಪಾ, ಈಗ ಭೂಮ. ನಗಬ್ಯಾಡ."

ಪರದೆ ಕಪ್ಪಾಯಿತು.

"ಏ ತಮ್ಮಾ, ಚಿತ್ರ ಹೋತು ನೋಡು," ಎಂದು ಕಾಕಿ ಎದ್ದರು. "ಕರೆಂಟ್ ಹೋತೇನು?"

"ಹೋಗಿಲ್ಲ, ದನಿ ಬರಾಕತ್ತದ," ಅಂದರು ಕಾಕಾ. "ಕುಂಡ್ರು. ಸುಮ್ಮ ನನ್ನಂಗ ಕೇಳು."

ಕಾಕಿ ಕೂತರು. ತಾಟಿನ ಸದ್ದು, ಬಳೆಗಳ ಸದ್ದು. ಹೇಳ ಹೇಳ ಎಂದು ಹೆಂಗಸರ ಕೂಗು. ಯಾರೋ ಉಷ್ ಅಂದರು. ಆಮೇಲೆ ಮಗಳು ಹೇಳಿದಳು:

"ಗಿರಣ್ಯಾಗ ಬೀಸ್ಯಾನ ಅಪ್ಪ ಬಿಳಿಜ್ವಾಳದ ಹಿಟ್ಟು,
ಮಾರಿ ಕಾಣದ ಅಪ್ಪಗ ನನ್ನ ದನಿ ಬಿಟ್ಟು,"

ಅಲ್ಲಿ ಅವಳ ಉಸಿರು ಸಿಕ್ಕಿಕೊಂಡಿತ್ತು. ಹೆಂಗಸರು ಯಾರೂ ನಕ್ಕಿರಲಿಲ್ಲ. ಮೂರನೇ ಸಾಲಿನಲ್ಲಿ ಗಂಡನ ಹೆಸರು ಹಿಡಿದು, ಅವರ ಮನಿಗೆ ಹೊಂಟೀನಿ ಹಣಿಗೆ ಕುಂಕುಮ ಇಟ್ಟು ಎಂದು ಮುಗಿಸಿದ್ದಳು. ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಅವಳು ಹೇಳುವುದು.

ಕಾಕಾನ ಬೆರಳಿಗೆ ಹತ್ತಿದ್ದ ಹಿಟ್ಟು ರಿಮೋಟಿಗೆ ಅಂಟಿತ್ತು, ಅದನ್ನು ಹೆಬ್ಬೆರಳಿನಿಂದ ಒರೆಸುತ್ತ ಕೂತರು. "ಆ ವಾರ ನಾ ಬೀಸಿದ್ದೆಲ್ಲಾ ಗೋದಿ," ಅಂದರು. "ಸುಳ್ಳ ಹೇಳ್ಯಾಳ ನೋಡು, ಪ್ರಾಸಕ್ಕ."

ನಾನು ಕಾಕಿಯ ಕಡೆ ನೋಡಿದೆ, ಚಿತ್ರ ಎಲ್ಲಿ ಎಂದು ಕೇಳುತ್ತಾರೇನೋ ಎಂದು. ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದರು. ಕಣ್ಣು ಮುಚ್ಚಿದ್ದವು.

"ಹಿಂದಕ್ಕ ಒತ್ತ್ರಿ," ಅಂದರು ಕಣ್ಣು ತೆರೆಯದೇ. "ಇನ್ನೊಮ್ಮೆ ಕೇಳೂಣು."